ದೀಪ ಆರಿಸಿ ಕೇಳಿದ ಅರ್ಧ ಗಂಟೆ

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಹೊಸದರಲ್ಲಿ ನನ್ನ ಕನ್ನಡವೆಲ್ಲ ಮನೆಯೊಳಗೇ ಉಳಿದುಹೋಗಿತ್ತು. ಬಾಗಿಲು ದಾಟಿದರೆ ಮರಾಠಿ. ಹಾಲಿನವರ ಜೊತೆ, ಬಸ್ಸಿನ ಕಂಡಕ್ಟರ್ ಜೊತೆ, ಕೆಳಗಿನ ಮನೆಯವರ ಜೊತೆ ಅರ್ಧ ಮರಾಠಿ, ಅರ್ಧ ಕೈಸನ್ನೆ. ಹಗಲೆಲ್ಲ ಆಡದೆ ಉಳಿದ ಮಾತನ್ನು ಸಂಜೆ ಗಂಡ ಕಾರ್ಖಾನೆಯಿಂದ ಬಂದ ಮೇಲೆ ಅವರ ಮೇಲೆ ಸುರಿಯುತ್ತಿದ್ದೆ. ಪಾಪ, ಅವರು ಸುಮ್ಮನೆ ಕೇಳುತ್ತಿದ್ದರು. ಒಂದು ದಿನ ಮಾತ್ರ ಚಹಾ ಕುಡಿಯುತ್ತಾ ಹೇಳಿದರು: “ಇಲ್ಲೆ ರೇಡಿಯೋ ಕೇಂದ್ರದಾಗ ಕನ್ನಡ ಮಾತಾಡೋರು ಬೇಕಾಗ್ಯಾರಂತ. ನೀ ಒಬ್ಬಾವಗ ಇಷ್ಟು ಹೇಳೂ ಬದ್ಲಿ ಊರಿಗೇ ಹೇಳಬಾರದೇನು?”

ಅದು ಊರಂಚಿನ ಒಂದು ಸಣ್ಣ ಮೀಡಿಯಂ ವೇವ್ ಕೇಂದ್ರ. ಒಂದಂತಸ್ತಿನ ಕಟ್ಟಡ, ಮುಂದೆ ಬೇವಿನ ಮರಗಳು, ಹಿಂದಿನ ಬಯಲಿನಲ್ಲಿ ಆಕಾಶಕ್ಕೆ ನೆಟ್ಟಂತಿದ್ದ ಕಬ್ಬಿಣದ ಕಂಬ. ದಿನವೆಲ್ಲ ಮರಾಠಿ ಕಾರ್ಯಕ್ರಮ. ಭಾನುವಾರ ಬೆಳಿಗ್ಗೆ ಮಾತ್ರ ಕನ್ನಡಕ್ಕೆ ಅರ್ಧ ಗಂಟೆ. ನಾನು ಹೋಗಿ ಅವರು ಕೊಟ್ಟ ಹಾಳೆ ಓದಿದೆ. ದನಿ ನಡುಗಲಿಲ್ಲ. ಆರಿಸಿಕೊಂಡರು.

ಮೊದಲ ಕೆಲವು ವಾರ ನಾನು ಶಾಲೆಯ ಪಾಠದ ಕನ್ನಡವನ್ನೇ ಮಾತಾಡಿದೆ. ‘ಆತ್ಮೀಯ ಶ್ರೋತೃ ಬಾಂಧವರೇ’ ಎಂದು ಶುರು ಮಾಡಿ, ‘ವಂದನೆಗಳು’ ಎಂದು ಮುಗಿಸುತ್ತಿದ್ದೆ. ಹಾಗಿರುವಾಗ ಒಂದು ಸಂಜೆ ತರಕಾರಿ ಮಂಡಿಯಲ್ಲಿ ಮೆಂತ್ಯಸೊಪ್ಪಿನ ಚೌಕಾಸಿ ಮಾಡುತ್ತಿದ್ದೆ. ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದ ಹೆಂಗಸು ನನ್ನ ದನಿ ಕೇಳಿ ತಿರುಗಿದಳು.

“ರೀ, ನೀವು ರೇಡಿಯೋದಾಗ ಮಾತಾಡೋರಲ್ಲ?”

ಹೌದೆಂದೆ. ಹಿಗ್ಗಿನಿಂದ ಮುಖ ಕೆಂಪಾಗಿರಬೇಕು.

“ನಿಮ್ಮ ದನಿ ಛಲೋ ಅದರಿ. ಆದ್ರ ನಿಮ್ಮ ಕನ್ನಡ ಭಾಳ ಇಸ್ತ್ರಿ ಮಾಡಿದಂಗ ಅದ. ಸ್ವಲ್ಪ ಮುದುಡಸ್ರಿ ಅದನ್ನ.”

ಮುಂದಿನ ಭಾನುವಾರ ಮೈಕಿನ ಕೆಂಪು ದೀಪ ಹೊತ್ತಿದಾಗ ನನ್ನ ಬಾಯಿಂದ ಬಂದದ್ದು ಇಷ್ಟೇ: “ನಮಸ್ಕಾರ್ರೀ ಎಲ್ಲಾರಿಗೂ. ಚಹಾ ಆತೇನ್ರಿ?” ಗಾಜಿನ ಆಚೆ ಕುಳಿತಿದ್ದ ಟ್ರಾನ್ಸ್‌ಮಿಟರ್ ಇಂಜಿನಿಯರರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ‘ಚಹಾ’ ಅರ್ಥವಾಗಿ, ನಗುತ್ತಾ ತಮ್ಮ ಕಪ್ಪು ಎತ್ತಿ ತೋರಿಸಿದರು. ನನಗಿಂತ ಕೆಲವೇ ವರ್ಷ ಹಿರಿಯರಾದ ಈ ಮರಾಠಿ ಮನುಷ್ಯ ಕೊನೆಯವರೆಗೂ ಆ ಗಾಜಿನ ಆಚೆ ಇದ್ದರು. ನನ್ನನ್ನು ‘ತಾಈ’ ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ. ಮೊದಮೊದಲು ನನಗೆ, ನನಗಿಂತ ದೊಡ್ಡವರು ಯಾಕೆ ನನ್ನನ್ನು ತಾಯಿ ಮಾಡುತ್ತಾರೆ ಎಂದು ಸಿಟ್ಟು ಬರುತ್ತಿತ್ತು.

ಆಮೇಲಿನ ವರ್ಷಗಳು ನಮ್ಮವು. ಯೆರವಡಾದ ಓಣಿಗಳಲ್ಲಿ, ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿ ಕಡೆಯವರು ಭಾನುವಾರ ರೇಡಿಯೋವನ್ನು ಕಟ್ಟೆಯ ಮೇಲಿಟ್ಟುಕೊಂಡು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳುತ್ತಿದ್ದರು. ನಿಗಡಿಯ ಬ್ಯಾಂಕ್ ನೌಕರರ ಮನೆಗಳಲ್ಲಿ ಅವಲಕ್ಕಿಯ ಒಗ್ಗರಣೆ ಜೊತೆಗೆ ಕೇಳುತ್ತಿದ್ದರು. ದೂರದ ರಾಂಜಣಗಾಂವದ ಕಾರ್ಖಾನೆಯ ಹುಡುಗರಿಗೆ ನಮ್ಮ ದನಿ ತೆಳ್ಳಗಾಗಿ ಮುಟ್ಟುತ್ತಿತ್ತು. ಅವರು ಸೆಟ್ಟನ್ನು ಕಿಟಕಿಗೆ ಕಟ್ಟಿ ಕೇಳುತ್ತಿದ್ದರಂತೆ. ಹಾಡು ಬಲ್ಲವರು ಬಂದು ಹಾಡುತ್ತಿದ್ದರು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರಿಗೆ ಬಾಡಿಗೆ ಮನೆ ಬೇಕು, ಎಲ್ಲ ನಮ್ಮಲ್ಲೇ. ಸ್ಟುಡಿಯೋಕ್ಕೆ ಬರುವವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ನಮ್ಮ ಕೇಂದ್ರದ ಮರಾಠಿ ನಿರೂಪಕಿಯರಿಗೆ ಶೇಂಗಾ ಚಟ್ನಿಯ ರುಚಿ ಹತ್ತಿದ್ದು ಹಾಗೆಯೇ.

ಒಂದು ಭಾನುವಾರ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಗೇಟಿನಲ್ಲಿ ಎಳೆ ವಯಸ್ಸಿನ ಹೆಂಗಸೊಬ್ಬಳು ಅಳುತ್ತಾ ನಿಂತಿದ್ದಳು. ಸೆರಗಿನಲ್ಲಿ ಸಿಮೆಂಟಿನ ಧೂಳು ಹಾಗೇ ಇತ್ತು. ಯಾದಗಿರಿ ಕಡೆಯವಳು, ಯೆರವಡಾದಲ್ಲಿ ವಾಸ. ಊರಿನಿಂದ ಬಂದ ಅವಳ ಅತ್ತೆ ಹಿಂದಿನ ಸಂಜೆ ರೈಲಿನಿಂದ ಇಳಿದವರು ಗದ್ದಲದಲ್ಲಿ ತಪ್ಪಿಸಿಕೊಂಡಿದ್ದರು. ಗಂಡ ಪೊಲೀಸರ ಹತ್ತಿರ ಓಡಾಡುತ್ತಿದ್ದ. ಇವಳಿಗೆ ಹೊಳೆದದ್ದು ರೇಡಿಯೋ.

“ಆಕಿಗಿ ಕನ್ನಡ ಬಿಟ್ರ ಏನೂ ಬರಲ್ರಿ ಅಕ್ಕಾರ. ಯಾರಿಗಿ ಕೇಳ್ತಾಳ, ಏನ್ ತಿಂತಾಳ!”

ಅವತ್ತು ಬರೆದುಕೊಂಡದ್ದನ್ನೆಲ್ಲ ಬದಿಗಿಟ್ಟು, ಅವಳನ್ನೇ ಮೈಕಿನ ಮುಂದೆ ಕೂರಿಸಿದೆ. ಅವಳು ಕೇಳುಗರಿಗೆ ಏನೂ ಹೇಳಲಿಲ್ಲ. ನೇರ ಅತ್ತೆಯನ್ನೇ ಕರೆದಳು. “ಅತ್ತೀ, ನೀ ಎಲ್ಲೇ ಇದ್ರೂ ಅಲ್ಲೇ ಕೂಡು. ಎದ್ದು ಹೋಗಬ್ಯಾಡ. ನಾ ಬರ್ತೀನಿ.” ಹಸಿರು ಸೀರೆ, ಕೈಯಲ್ಲಿ ಜೋಳದ ಹಿಟ್ಟಿನ ಗಂಟು ಎಂದು ನಾನು ಗುರುತು ಹೇಳಿದೆ. ಕಾರ್ಯಕ್ರಮ ಮುಗಿಯುವುದರೊಳಗೆ ಫೋನು ಬಂತು. ನಿಗಡಿಯಿಂದ, ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ನಮ್ಮ ಹಳೆಯ ಕೇಳುಗರು. ಬ್ಯಾಂಕಿನಿಂದ ನಿವೃತ್ತರಾದ ಅವರ ಗಂಡ ಕಾಕಾ ಮತ್ತು ಅವರು ಪ್ರತಿ ವಾರ ತಪ್ಪದೆ ಕೇಳುತ್ತಿದ್ದವರು.

“ನಮ್ಮ ಗುಡಿ ಕಟ್ಟೀ ಮ್ಯಾಲೆ ಒಬ್ಬ ಅಜ್ಜಿ ಕೂತಿದ್ರು, ಯಾವ್ದೋ ಬಸ್ ಹತ್ತಿ ಬಂದುಬಿಟ್ಟಾರ. ಇವರು ಓಡಿ ಹೋಗಿ ಕರಕೊಂಡ ಬಂದ್ರು. ಈಗ ನಮ್ಮನ್ಯಾಗ ಅವಲಕ್ಕಿ ತಿನ್ನಾಕತ್ತಾರ. ಉಪ್ಪು ಕಡಿಮಿ ಆಗ್ಯದಂತ.”

ಅದನ್ನು ನಾನು ಮೈಕಿನಲ್ಲಿ ಇದ್ದ ಹಾಗೇ ಹೇಳಿದೆ. ಸೊಸೆ ನನ್ನ ಕೈ ಹಿಡಿದು ಕುಲುಕಿದ್ದು ಈಗಲೂ ನೆನಪಿದೆ. ಇಟ್ಟಿಗೆ ಹೊತ್ತು ಗಟ್ಟಿಯಾದ ಅಂಗೈ.

ಆ ಮೇಲೆ ಇಳಿಗಾಲ ಬಂತು. ಒಂದೇ ದಿನ ಬರಲಿಲ್ಲ. ಎಫ್ಎಂ ಕೇಂದ್ರಗಳು ಬಂದವು. ಅವುಗಳ ದನಿ ತೊಳೆದಿಟ್ಟ ಗಾಜಿನಂತಿತ್ತು, ನಮ್ಮದರಲ್ಲಿ ಗೊರಗೊರ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಕೆಲವುಗಳಲ್ಲಿ ಎಫ್ಎಂ ಸಿಗುತ್ತಿತ್ತು, ಮೀಡಿಯಂ ವೇವ್ ಯಾವುದರಲ್ಲೂ ಸಿಗುತ್ತಿರಲಿಲ್ಲ. ನಮ್ಮ ಕ್ಯಾಂಟೀನ್ ಮುಚ್ಚಿತು. ಹಾರ್ಮೋನಿಯಂ, ತಬಲಾ ಇದ್ದ ಕೋಣೆ ಮುರಿದ ಕುರ್ಚಿಗಳ ಗೋದಾಮಾಯಿತು. ನಾಟಕ ನಿಂತಿತು, ಮಕ್ಕಳ ಕಾರ್ಯಕ್ರಮ ನಿಂತಿತು. ನಿವೃತ್ತರಾದವರ ಜಾಗಕ್ಕೆ ಯಾರೂ ಬರಲಿಲ್ಲ. ಕನ್ನಡದ ಅರ್ಧ ಗಂಟೆಯನ್ನು ಎಲ್ಲೂ ಹೊಂದದ ಸಾಮಾನಿನಂತೆ ಒಮ್ಮೆ ಬೆಳಗಿನ ಜಾವಕ್ಕೆ, ಒಮ್ಮೆ ಮಧ್ಯಾಹ್ನಕ್ಕೆ ಸರಿಸಿ, ಕೊನೆಗೆ ಮತ್ತೆ ಬೆಳಿಗ್ಗೆಗೇ ತಂದರು. ಅಷ್ಟರಲ್ಲಿ ಕೇಳುವವರ ಅಭ್ಯಾಸ ಮುರಿದಿತ್ತು. ಫೋನು ರಿಂಗಣಿಸುವುದು ನಿಂತಿತು. ಎಷ್ಟೋ ಭಾನುವಾರ ನಾನು “ಚಹಾ ಆತೇನ್ರಿ?” ಎಂದು ಕೇಳಿ, ಗಾಜಿನಾಚೆ ಇಂಜಿನಿಯರರು ಎತ್ತಿದ ಕಪ್ಪನ್ನೇ ಇಡೀ ಊರಿನ ಉತ್ತರವೆಂದುಕೊಂಡು ಮುಂದುವರಿದಿದ್ದೇನೆ.

ನಮ್ಮ ಮನೆಯಲ್ಲೇ ಕೇಳುವುದು ಕಷ್ಟವಾಗಿತ್ತು. ಇನ್ವರ್ಟರ್ ಒಂದು ಕಡೆ, ಮಗಳ ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದು ಕಡೆ. ರೇಡಿಯೋ ಹಚ್ಚಿದರೆ ಜೇನುಹುಳುಗಳ ಗೂಡು ಕದಡಿದಂಥ ಸದ್ದು. “ಅಮ್ಮಾ, ಇದರಾಗ ನಿನ್ನ ದನಿ ಎಲ್ಲದ?” ಎಂದು ಮಗಳು ಕಿವಿಯಿಟ್ಟು ಹುಡುಕುತ್ತಿದ್ದಳು.

ಕೊನೆಗೆ ಒಂದು ದಿನ ಕೇಂದ್ರದ ಮುಖ್ಯಸ್ಥರು ಕರೆದರು. ಹೊಸದಾಗಿ ಬಂದವರು, ಒಳ್ಳೆಯ ಮನುಷ್ಯ. ಕೂರಿಸಿ, ನೀರು ಕೊಟ್ಟು, ಮೀಡಿಯಂ ವೇವ್ ಟ್ರಾನ್ಸ್‌ಮಿಟರನ್ನು ತಿಂಗಳ ಕೊನೆಯ ಭಾನುವಾರ ನಿಲ್ಲಿಸಲಾಗುತ್ತದೆ ಎಂದರು. ಮರಾಠಿ ಕಾರ್ಯಕ್ರಮಗಳು ಹೊಸ ಎಫ್ಎಂ ವಾಹಿನಿಗೆ ಹೋಗುತ್ತವೆ.

“ಕನ್ನಡದ್ದು?” ಎಂದೆ.

ಅವರು ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿಟ್ಟರು. “ಆತಾ ಕೋಣ ಐಕತಂಯ್, ತಾಈ?” ಈಗ ಯಾರು ಕೇಳುತ್ತಾರೆ, ಅಕ್ಕ?

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ಸಿಟ್ಟು. ಯಾರು ಕೇಳುತ್ತಾರೆ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಗಾದರೆ ಹೋಗಿ ನೋಡಬೇಕು. ಮನೆಯ ದಾರಿ ಬಿಟ್ಟು ಯೆರವಡಾದ ಬಸ್ಸು ಹತ್ತಿದೆ.

ಅತ್ತೆಯನ್ನು ಕಳೆದುಕೊಂಡು ಅತ್ತಿದ್ದ ಆ ಸೊಸೆಯ ಮನೆ ನನಗೆ ಗೊತ್ತಿತ್ತು. ಅತ್ತೆ ತೀರಿಕೊಂಡಾಗ ಹೋಗಿ ಬಂದಿದ್ದೆ. ಅವಳೀಗ ಇಟ್ಟಿಗೆ ಹೊರುವುದಿಲ್ಲ. ಓಣಿಯ ಹೆಂಗಸರನ್ನು ಕೂಡಿಸಿ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕಳಿಸುತ್ತಾಳೆ. ನಾನು ಹೋದಾಗ ಒಲೆಗಳ ಮುಂದೆ ಹೆಂಗಸರೆಲ್ಲ ರೊಟ್ಟಿ ಬಡಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು “ಒಳಗ ಬರಲೇನವಾ?” ಎಂದದ್ದಷ್ಟೇ. ನನ್ನನ್ನು ಎಂದೂ ನೋಡಿರದ ಒಬ್ಬ ಮುದುಕಿ ಹಿಟ್ಟಿನ ಕೈ ಎತ್ತಿ ಹಿಡಿದು, “ಎವ್ವಾ, ರೇಡಿಯೋದ ಚಹಾದಕ್ಕ!” ಎಂದು ಕೂಗಿದಳು.

ಬಡಿತ ನಿಂತಿತು. ಎಲ್ಲರೂ ನನ್ನ ಸುತ್ತ ಸೇರಿದರು. ನಾನು ವಿಷಯ ಹೇಳಿದೆ. ಕೇಳುವವರಿಲ್ಲ ಅಂತಾರ, ಬಂದ್ ಮಾಡ್ತಾರಂತ ಎಂದೆ.

ಸೊಸೆ ಸೊಂಟಕ್ಕೆ ಕೈಯಿಟ್ಟಳು. “ಕೇಳಾಕ ಯಾರೂ ಇಲ್ಲಂತ ಯಾವನ್ ಅಂದಾನ್ರಿ ಅಕ್ಕಾರ? ಕೇಳಾಕ ನಾವಿದ್ದೀವಿ. ರೇಡಿಯೋನೇ ಇಲ್ಲ. ನಮ್ಮದು ಮಳಿ ನೀರಾಗ ಹೋಯ್ತು. ಹೊಸಾದು ತರಮು ಅಂದ್ರ ಅಂಗಡ್ಯಾಗ ನಿಮ್ಮ ಸ್ಟೇಷನ್ ಹಿಡಿಯೂ ಡಬ್ಬಿನೇ ಸಿಗಲ್ದು.”

“ಹಳೇ ಡಬ್ಬಿ ತಂದುಕೊಟ್ರ ಕೇಳ್ತೀರೇನು?”

“ತಂದು ನೋಡ್ರಿ!”

ಅದು ಸವಾಲಿನಂತಿತ್ತು. ಬಸ್ಸಿನಲ್ಲಿ ಮರಳುವಾಗಲೇ ನಿಗಡಿಯ ಕಾಕುಗೆ ಫೋನ್ ಮಾಡಿದೆ. ಅವರಿಗೆ ವಯಸ್ಸಾಗಿತ್ತು, ಮಂಡಿ ನೋವು, ಆದರೆ ಊರಿನ ಧಾರವಾಡ–ಬೆಳಗಾವಿ ಕಡೆಯ ಮನೆಗಳೆಲ್ಲ ಅವರ ವಾಟ್ಸಾಪ್ ಗುಂಪಿನಲ್ಲಿದ್ದವು. ಆ ಸಂಜೆಯೇ ಒಂದು ಧ್ವನಿ ಸಂದೇಶ ಹೊರಟಿತು: “ಅಟ್ಟ ಹತ್ರಿ, ಕಪಾಟು ಹುಡುಕ್ರಿ. ಹಳೇ ರೇಡಿಯೋ ಇದ್ರ ನಮ್ಮನೀಗೆ ಕಳಸ್ರಿ. ಕೆಟ್ಟಿದ್ರೂ ನಡೀತದ. ಇಲ್ಲ ಅನಬ್ಯಾಡ್ರಿ, ಯಾರ ಮನ್ಯಾಗ ಏನದ ಅನ್ನೋದು ನನಗ ಗೊತ್ತದ.”

ಎರಡು ವಾರದಲ್ಲಿ ಅವರ ಹಾಲ್ ತುಂಬಿತು. ಚರ್ಮದ ಚೀಲದ ಟ್ರಾನ್ಸಿಸ್ಟರುಗಳು, ಕ್ಯಾಸೆಟ್ ಸೇರಿಕೊಂಡ ಟೂ-ಇನ್-ಒನ್‌ಗಳು, ಮದುವೆಯಲ್ಲಿ ಬಂದು ಪೆಟ್ಟಿಗೆಯಿಂದಲೇ ಹೊರಬರದವು, ಒಳಗೆ ಇಲಿ ಮರಿ ಹಾಕಿದವು. ತಂದ ಪ್ರತಿಯೊಬ್ಬರೂ ಅದನ್ನು ಕೆಳಗಿಡುವ ಮೊದಲು ಅದರ ಕಥೆ ಹೇಳಲೇಬೇಕು. ಒಬ್ಬರು ತಂದೆಯ ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಕೊಡುವ ಮನಸ್ಸಿಲ್ಲ, ಒಯ್ಯುವ ಮನಸ್ಸೂ ಇಲ್ಲ. ಕಾಕಾ ಮೆಲ್ಲಗೆ ಹೇಳಿದರು: “ಕೊಡಬ್ಯಾಡ್ರಿ, ಕಡಾ ಕೊಡ್ರಿ. ಅದೂ ಒಂದೀಟು ಮಂದ್ಯಾಗ ಅಡ್ಡಾಡಿ ಬರ್ಲಿ.” ಅವರು ನಕ್ಕು ಇಟ್ಟು ಹೋದರು.

ಬುಧವಾರ ಪೇಠೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ವೃದ್ಧರೊಬ್ಬರು ಅಂಗಡಿಯನ್ನು ಮೊಬೈಲ್ ಕವರ್ ಮಾರುವವರಿಗೆ ಬಿಟ್ಟುಕೊಟ್ಟು ಮನೆ ಸೇರಿದ್ದರು. ನಮ್ಮ ಇಂಜಿನಿಯರರು ಅವರ ಮನೆ ಹುಡುಕಿ, ಎರಡು ಚೀಲ ರೇಡಿಯೋಗಳನ್ನು ಅವರ ಮುಂದೆ ಸುರಿದರು. ವೃದ್ಧರು ಏನೂ ಕೇಳದೆ ಒಳಗೆ ಹೋಗಿ, ಬೆಸುಗೆ ಹಾಕುವ ಕಡ್ಡಿ ತಂದು ಪ್ಲಗ್ಗಿಗೆ ಸಿಕ್ಕಿಸಿದರಂತೆ. ಇಂಜಿನಿಯರರು ರಜೆ ಹಾಕಿ ಅವರ ಎದುರು ಕುಳಿತರು. ತುಕ್ಕು ಹಿಡಿದ ಬ್ಯಾಟರಿ ಪಟ್ಟಿ ಉಜ್ಜುವುದು, ಸ್ಟೇಷನ್ ತೋರಿಸುವ ಮುಳ್ಳಿನ ತುಂಡಾದ ದಾರ ಬದಲಿಸುವುದು, ಇಬ್ಬರೂ ಸೇರಿ ಮಾಡಿದರು. ಬದುಕಿದವನ್ನು ಕಾಕಾರ ಕಾರಿನ ಡಿಕ್ಕಿ ತುಂಬಿಕೊಂಡು ಯೆರವಡಾಕ್ಕೆ ತಂದೆವು. ಒಂದಿಷ್ಟು ರಾಂಜಣಗಾಂವದ ಕಾರ್ಖಾನೆಯ ಬಸ್ಸಿನಲ್ಲಿ ಹೋದವು.

ಕೊನೆಯದಕ್ಕೆ ಮೊದಲಿನ ಭಾನುವಾರ ನಾನು ಕಾರ್ಯಕ್ರಮವನ್ನು ಹುಮ್ಮಸ್ಸಿನಿಂದ ನಡೆಸಿದೆ. ಮುಗಿಸಿ ಹೊರಬಂದು ಸೊಸೆಗೆ ಫೋನ್ ಮಾಡಿ, ಹೇಗಿತ್ತು ಎಂದೆ.

“ಬರೇ ಗುಂಯ್ ಅಂತದ್ರಿ ಅಕ್ಕಾರ. ನಿಮ್ಮದು ಒಂದ್ ಮಾತೂ ಕೇಳಲಿಲ್ಲ. ಎಲ್ಲಾರೂ ಎದ್ದು ಹೋದ್ರು.”

ಇಷ್ಟು ಮನೆಯ ಅಟ್ಟ ಹತ್ತಿಸಿ, ವೃದ್ಧರ ಕಣ್ಣು ದಣಿಸಿ, ಕೊನೆಗೆ ಗುಂಯ್! ಇಂಜಿನಿಯರರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಎಲ್ಲ ಕೇಳಿ, ಒಂದು ರೇಡಿಯೋ ಹಚ್ಚಿ ಮೇಜಿನ ಮೇಲಿಟ್ಟರು. ನಮ್ಮದೇ ಕೇಂದ್ರ, ದನಿ ಸ್ಪಷ್ಟವಾಗಿತ್ತು. ಆಮೇಲೆ ತಮ್ಮ ಮೊಬೈಲ್ ಚಾರ್ಜರನ್ನು ಪಕ್ಕದಲ್ಲಿ ಸಿಕ್ಕಿಸಿದರು. ಗುಂಯ್. ತೆಗೆದರು, ದನಿ ಮರಳಿತು. ಎಲ್ಇಡಿ ಬಲ್ಬ್, ಟಿವಿ, ಚಾರ್ಜರ್, ಎಲ್ಲದರಿಂದಲೂ ಹೀಗೇ ಆಗುತ್ತದೆ. ಯೆರವಡಾದ ಆ ಓಣಿಯಲ್ಲಿ ಮನೆಗೆ ಮನೆ ಅಂಟಿದೆ, ಹಗಲಲ್ಲೂ ದೀಪ ಬೇಕು, ಎಲ್ಲರ ಸದ್ದು ಎಲ್ಲರ ರೇಡಿಯೋಕ್ಕೂ ನುಗ್ಗುತ್ತದೆ ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು: ಟ್ರಾನ್ಸ್‌ಮಿಟರ್ ಹಳೆಯದೆಂದು ಕೆಲವು ವರ್ಷಗಳಿಂದ ಅರ್ಧ ಶಕ್ತಿಯಲ್ಲಿ ಓಡಿಸುತ್ತಿದ್ದೇವೆ. ಕೊನೆಯ ದಿನ ಅದನ್ನು ಯಾಕೆ ಜೋಪಾನ ಮಾಡಬೇಕು? ಸಾಹೇಬರ ಅನುಮತಿ ಕೇಳುತ್ತೇನೆ.

ನಾನು ಸೊಸೆಗೆ ಮತ್ತೆ ಫೋನ್ ಮಾಡಿದೆ. ಎಲ್ಲ ಕೇಳಿ ಅವಳೆಂದಳು: “ಅರ್ಧ ತಾಸು ಲೈಟ್ ಬಂದ್ ಮಾಡಬೇಕು, ಅಷ್ಟೇ ಹೌದಿಲ್ರಿ? ಅದು ನನಗ ಬಿಡ್ರಿ.”

ಕೊನೆಯ ಭಾನುವಾರದ ಬೆಳಿಗ್ಗೆ ನಾನು ಇಳಕಲ್ ಸೀರೆ ಉಟ್ಟು ಹೋದೆ. ರೇಡಿಯೋದಲ್ಲಿ ಸೀರೆ ಯಾರಿಗೆ ಕಾಣುತ್ತದೆ ಎಂದು ಗಂಡ ನಕ್ಕರು. ಆದರೆ ಅವರೂ ಇಸ್ತ್ರಿ ಅಂಗಿ ಹಾಕಿಕೊಂಡು ಜೊತೆಗೆ ಹೊರಟಿದ್ದರು. ಮುಖ್ಯಸ್ಥರು ಪೂರ್ತಿ ಶಕ್ತಿಗೆ ಒಪ್ಪಿದ್ದರು. ನನ್ನನ್ನು ನೋಡಿ, “ನೀವು ಹೇಳುವ ಕೇಳುಗರನ್ನು ನಾನೇ ನೋಡಿ ಬರುತ್ತೇನೆ, ನನ್ನ ಹಳೆಯ ಕಾರಿನ ರೇಡಿಯೋದಲ್ಲಿ ಇನ್ನೂ ಮೀಡಿಯಂ ವೇವ್ ಇದೆ,” ಎಂದು ಮರಾಠಿಯಲ್ಲಿ ಹೇಳಿ ಯೆರವಡಾದ ಕಡೆ ಹೊರಟರು. ಓಣಿಯಲ್ಲಿ ಯಾರೂ ಇರದಿದ್ದರೆ?

ಇಂಜಿನಿಯರರು ಗಾಜಿನಾಚೆಯಿಂದ ಬೆರಳು ಎತ್ತಿದರು. ಶಕ್ತಿ ತೋರಿಸುವ ಮುಳ್ಳು ಮೇಲೇರಿತು. ಕೆಂಪು ದೀಪ ಹೊತ್ತಿತು.

“ನಮಸ್ಕಾರ್ರೀ ಎಲ್ಲಾರಿಗೂ. ಚಹಾ ಆತೇನ್ರಿ?”

ಅಲ್ಲಿ ಏನಾಯಿತೆಂಬುದನ್ನು ನನಗೆ ಆಮೇಲೆ ಹತ್ತಾರು ಜನ ಹೇಳಿದ್ದಾರೆ. ಸೊಸೆ ಮತ್ತು ರೊಟ್ಟಿಯ ಹೆಂಗಸರು ಹಿಂದಿನ ದಿನವೇ ಮನೆಮನೆಗೆ ಹೋಗಿ ಹೇಳಿದ್ದರು. ಬೆಳಿಗ್ಗೆ ಮತ್ತೆ ಓಣಿ ಓಣಿ ತಿರುಗಿ ಕೂಗಿದರು: “ಲೈಟ್ ಬಂದ್ ಮಾಡ್ರಿ! ಟಿವಿ ಬಂದ್! ಚಾರ್ಜರ್ ಕೀಳ್ರಿ!” ಮರಾಠಿ ನೆರೆಯವರಿಗೆ ಮರಾಠಿಯಲ್ಲಿ, ಬಿಹಾರಿನವರಿಗೆ ಹಿಂದಿಯಲ್ಲಿ. ಮೂಲೆಯ ಚಹಾದಂಗಡಿಯವನು ಮೊದಲು ಗೊಣಗಿದನಂತೆ. ಸೊಸೆ ತಾನೇ ಹೋಗಿ ಅವನ ಫ್ರಿಜ್ಜಿನ ಪ್ಲಗ್ಗು ಕಿತ್ತು, ಅವನ ಕೈಗೆ ಒಂದು ಟ್ರಾನ್ಸಿಸ್ಟರ್ ಕೊಟ್ಟು, “ಕೂಡು, ಕೇಳು,” ಎಂದಳು. ಓಣಿಯ ಒಂದೊಂದೇ ಮನೆ ಒಳಗೆ ಕತ್ತಲಾಯಿತು. ಜನ ಹೊರಗೆ ಬಿಸಿಲಿಗೆ ಬಂದರು. ಕಟ್ಟೆ, ಮೆಟ್ಟಿಲು, ನೀರಿನ ಡ್ರಮ್ಮು, ಸಿಕ್ಕಲ್ಲಿ ಕುಳಿತರು. ಆಗ, ಗುಂಯ್ ಎನ್ನುತ್ತಿದ್ದ ಸದ್ದು ಇಳಿಯುತ್ತಾ ಇಳಿಯುತ್ತಾ ಬಂದು, ಎಲ್ಲ ಸೆಟ್ಟುಗಳಿಂದ ಒಟ್ಟಿಗೆ ನನ್ನ ದನಿ ಹೊರಟಿತು.

ಸ್ಟುಡಿಯೋದಲ್ಲಿದ್ದ ನನಗೆ ಇದಾವುದೂ ತಿಳಿಯದು. ಕಾಕು ನನ್ನ ಪಕ್ಕದಲ್ಲೇ ಕುಳಿತು, ಮಂಡಿ ನೋವು ಮರೆತು, ಬೀಸುವ ಹಾಡೊಂದನ್ನು ಹಾಡಿದರು. ದನಿ ಎರಡು ಕಡೆ ಒಡೆಯಿತು, ಅವರು ನಿಲ್ಲಿಸಲಿಲ್ಲ. ಹಾಡು ಮುಗಿಯುವ ಮೊದಲೇ ಫೋನಿನ ದೀಪ ಮಿನುಗಿತು. ಎತ್ತಿದೆ. ರಾಂಜಣಗಾಂವ.

“ಅಕ್ಕಾರ, ರಾತ್ರಿ ಪಾಳಿ ಮುಗಿಸಿ ಈಗ ಬಂದೀವ್ರಿ. ಮಲಗಿಲ್ಲ. ರೂಮಿನಾಗ ಎಲ್ಲಾರೂ ಕೂತೀವಿ. ಕೇಳ್ತದರಿ, ಭಾಳ ಛಲೋ ಕೇಳ್ತದ!”

ಅದಿಟ್ಟರೆ ಇನ್ನೊಂದು. ಅದಿಟ್ಟರೆ ಮತ್ತೊಂದು. ವರ್ಷಗಳಿಂದ ಮೂಕವಾಗಿದ್ದ ಫೋನು. ಪಕ್ಕದ ಕೋಣೆಯ ಮರಾಠಿ ನಿರೂಪಕಿ ಓಡಿ ಬಂದು ಕರೆಗಳನ್ನು ಹಿಡಿದಿಡಲು ಕುಳಿತಳು. ಕನ್ನಡ ಬಾರದಿದ್ದರೂ “ಥಾಂಬಾ, ಥಾಂಬಾ,” ಸ್ವಲ್ಪ ನಿಲ್ಲಿ ಎಂದು ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದಳು. ನಂತರ ಸೊಸೆಯ ಕರೆ ಬಂತು. ಅವಳು ನನಗೆ ಏನೂ ಹೇಳಲಿಲ್ಲ. “ಕೇಳ್ರಿ,” ಎಂದು ಫೋನನ್ನು ಓಣಿಯತ್ತ ಹಿಡಿದಳು.

ನಾನು ಏನೋ ಕೇಳಬೇಕೆಂದು “ಏನವಾ?” ಎಂದೆ. ಆ ತುದಿಯಲ್ಲಿ, ಉದ್ದದ ಓಣಿಯ ಈ ಕೊನೆಯಿಂದ ಆ ಕೊನೆಯವರೆಗೆ, ಸಣ್ಣ ಡಬ್ಬಿ, ದೊಡ್ಡ ಡಬ್ಬಿ, ಒಡಕು ಸ್ಪೀಕರು ಎಲ್ಲದರಿಂದಲೂ ನನ್ನದೇ ದನಿ “ಏನವಾ?” ಎಂದಿತು. ಅದರ ಹಿಂದೆ ಜನ ಹೋ ಎಂದು ನಕ್ಕದ್ದು ಕೇಳಿತು. ಅಷ್ಟು ವರ್ಷ ಗಾಜಿನ ಕೋಣೆಯಲ್ಲಿ ಕುಳಿತು ಮಾತಾಡಿದವಳು ನಾನು. ನನ್ನ ಮಾತು ಹೋಗಿ ಇಳಿಯುವ ಜಾಗದ ಸದ್ದನ್ನು ಅವತ್ತೇ ಮೊದಲು ಕೇಳಿದ್ದು. ಆ ಸದ್ದನ್ನೇ ಕೇಳುತ್ತಾ ಕುಳಿತುಬಿಟ್ಟೆ. ಕಾಕು ನನ್ನ ತೊಡೆ ಚಿವುಟಿ, “ಮಾತಾಡು, ಗಾಳಿ ಖಾಲಿ ಹೊಂಟದ,” ಎಂದರು. ಅದೂ ಪ್ರಸಾರವಾಯಿತು.

ಗಡಿಯಾರ ನೋಡಿದೆ. ಅರ್ಧ ಗಂಟೆ ಮುಗಿಯುತ್ತಿತ್ತು. ನಂತರ ಮರಾಠಿ ಭಾವಗೀತೆಗಳ ಸಮಯ. ಬೀಳ್ಕೊಡುವ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಇಂಜಿನಿಯರರು ಎರಡೂ ಕೈ ಬೀಸಿದರು. ಅವರ ಕಿವಿಯಲ್ಲಿ ಮೊಬೈಲ್ ಇತ್ತು. ಹಾಡು ಹಾಕಿ ಹೊರಗೆ ಇಣುಕಿದೆ.

“ಸಾಹೇಬರು ಯೆರವಡಾದಿಂದ,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. “ಕಾರು ಮುಂದೆ ಹೋಗುತ್ತಿಲ್ಲವಂತೆ, ಓಣಿ ತುಂಬಾ ಜನ ಕುಳಿತಿದ್ದಾರಂತೆ. ಯಾರೋ ಅವರ ಕೈಗೆ ರೊಟ್ಟಿ ಕೊಟ್ಟಿದ್ದಾರೆ. ‘ತಾಈನಾ ಥಾಂಬವೂ ನಕಾ’ ಅಂದರು.” ಅಕ್ಕನನ್ನು ನಿಲ್ಲಿಸಬೇಡಿ.

ಮರಾಠಿ ನಿರೂಪಕಿ ತನ್ನ ಹಾಡುಗಳ ಪಟ್ಟಿಯನ್ನು ಮಡಚಿ, “ಇವತ್ತು ನನ್ನ ಸಮಯವೂ ನಿಮ್ಮದೇ,” ಎಂದಳು. ನಾವು ಮಧ್ಯಾಹ್ನದವರೆಗೆ ಮಾತಾಡಿದೆವು, ಹಾಡಿದೆವು. ನನ್ನ ಗಂಡ ಕೂಡ, ಸಂಕೋಚದ ಮನುಷ್ಯ, ಮೈಕಿನ ಮುಂದೆ ಕುಳಿತು, ಮನೆಯಲ್ಲಿ ನನ್ನ ಮಾತು ಕೇಳಿ ಕೇಳಿ ಸಾಕಾಗಿ ನನ್ನನ್ನು ಇಲ್ಲಿಗೆ ಕಳಿಸಿ ತಾವು ಹೇಗೆ ಈ ಕೇಂದ್ರಕ್ಕೆ ಉಪಕಾರ ಮಾಡಿದರೆಂದು ಹೇಳಿ ಊರನ್ನೆಲ್ಲ ನಗಿಸಿದರು.

ಸಂಜೆ ಟ್ರಾನ್ಸ್‌ಮಿಟರ್ ನಿಂತಿತು. ಸ್ವಿಚ್ಚಿನ ಹತ್ತಿರ ನಾವೆಲ್ಲ ನಿಂತಿದ್ದೆವು. ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಇಂಜಿನಿಯರರು ಸ್ವಿಚ್ಚಿಳಿಸಿ ತಿರುಗಿದಾಗ ಅವರ ಮುಖದಲ್ಲಿದ್ದದ್ದು ಗೆದ್ದವರ ಕಳೆ. ಯಂತ್ರ ಪೂರ್ತಿ ಶಕ್ತಿಯಲ್ಲಿ ಓಡಿ ನಿಂತಿತ್ತು. ಅವರು ಆ ತಿಂಗಳೇ ನಿವೃತ್ತರಾಗಿ, ಈಗ ಬುಧವಾರ ಪೇಠೆಯ ವೃದ್ಧರ ಜೊತೆ ಹಳೆಯ ಸೆಟ್ಟುಗಳನ್ನು ರಿಪೇರಿ ಮಾಡುತ್ತಾ ಕೂರುತ್ತಾರೆ. ಕೇಳಲು ಏನೂ ಇಲ್ಲದಿದ್ದರೂ ಯಾಕೆ ಎಂದರೆ, ಮುಂಬೈ ಸಿಗುತ್ತದೆ ತಾಈ, ಸೊಲ್ಲಾಪುರ ಸಿಗುತ್ತದೆ ಎನ್ನುತ್ತಾರೆ.

ಮುಖ್ಯಸ್ಥರು ಓಣಿಯಲ್ಲಿ ಕಂಡದ್ದನ್ನು ಬರೆದು ಮೇಲಿನವರಿಗೆ ಕಳಿಸಿದರು. ಕೆಲವು ತಿಂಗಳ ಓಡಾಟದ ನಂತರ ಹೊಸ ಎಫ್ಎಂ ವಾಹಿನಿಯಲ್ಲಿ ಭಾನುವಾರ ಬೆಳಿಗ್ಗೆ ಕನ್ನಡಕ್ಕೆ ಜಾಗ ಸಿಕ್ಕಿತು. ಅರ್ಧ ಗಂಟೆಯಲ್ಲ, ಒಂದು ಗಂಟೆ. ಹೊಸ ದನಿಗಳನ್ನು ಆರಿಸಲು ನನ್ನನ್ನೇ ಕರೆದರು. ಬಂದವರು ಗೇಟಿನವರೆಗೂ ಸಾಲು ನಿಂತಿದ್ದರು. ನಾನು ಇಬ್ಬರನ್ನು ಆರಿಸಿದೆ: ಯೆರವಡಾದ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ, ರಾಂಜಣಗಾಂವದ ಕಾರ್ಖಾನೆಯಲ್ಲಿ ದುಡಿಯುವ ಕಲಬುರಗಿ ಕಡೆಯವನು. ಇಬ್ಬರಿಗೂ ಕನ್ನಡವನ್ನು ಇಸ್ತ್ರಿ ಮಾಡಬೇಡಿ ಎಂದಷ್ಟೇ ಹೇಳಿದೆ.

ಅವರ ಮೊದಲ ಭಾನುವಾರ ನಾನು ಮನೆಯಲ್ಲಿದ್ದೆ. ಮಗಳು ತನ್ನ ಮೊಬೈಲಿನಲ್ಲಿ ಹೊಸ ವಾಹಿನಿ ಹಚ್ಚಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ನಾನು ಥಾಲಿಪೀಠ ತಟ್ಟುತ್ತಿದ್ದೆ.

“ಹಾಯ್ ಗೈಸ್, ಎಲ್ರೂ ತಿಂಡಿ ಆಯ್ತಾ?” ಎಂದಳು ಹುಡುಗಿ, ಒಂದೇ ಉಸಿರಿಗೆ.

“ಗ್ಯಾಸ್ ಯಾಕ್ರಿ? ನಮ್ಮ ರೂಮಿನಾಗ ಸ್ಟೋವ್ ಅದ,” ಎಂದ ಅವನು, ಪೂರ್ತಿ ಗಂಭೀರವಾಗಿ.

ನಾನು ತಟ್ಟುವುದನ್ನು ಬಿಟ್ಟು ಕಿವಿಗೊಟ್ಟೆ. ಆಮೇಲೆ ಹುಡುಗಿ ನಕ್ಕಳು, ತಡೆಯಲಾಗದೆ ನಕ್ಕಳು, ಅವನೂ ನಕ್ಕ. ಆ ನಗುವಿನ ನಡುವೆಯೇ ಫೋನು ರಿಂಗಣಿಸಿತು, ಗೊರಗೊರವಿಲ್ಲದ ಗಾಳಿಯಲ್ಲಿ ಯೆರವಡಾದ ಸೊಸೆಯ ದನಿ ನಮ್ಮ ಅಡುಗೆಮನೆಗೆ ಬಂತು:

“ಒಂದ್ ತಾಸು ಸಾಲಲ್ರಿ. ಎರಡು ಮಾಡ್ರಿ ಅಂತ ನಿಮ್ಮ ಸಾಹೇಬರಿಗಿ ಹೇಳ್ರಿ. ಇಲ್ಲಂದ್ರ ನಾನೇ ಬರ್ತೀನಿ.”

ನಾನೂ ಮಗಳೂ ಒಬ್ಬರನ್ನೊಬ್ಬರು ನೋಡಿ ಚಪ್ಪಾಳೆ ತಟ್ಟಿದೆವು. ಹಂಚಿನ ಮೇಲಿನ ಥಾಲಿಪೀಠ ಸೀದುಹೋಯಿತು. ಹೋಗಲಿ ಎಂದು ಇನ್ನೊಂದು ತಟ್ಟಿದೆ.